ಸಿತಾರಿನ ಮನೆ, ರಟ್ಟಿನ ಪೆಟ್ಟಿಗೆ

ಮೊದಲಿಗೇ ಒಂದು ಅರಿಕೆ. ನಾನು ಬರೆಹದಲ್ಲಿ ಪಳಗಿದವನಲ್ಲ. ಶಾಲೆಯನ್ನು ಕನ್ನಡದಲ್ಲಿ ಓದಿ, ಪದವಿಯನ್ನು ಮರಾಠಿಯಲ್ಲಿ ಮುಗಿಸಿ, ಈಗ ಮರಾಠಿಯಲ್ಲಿಯೇ ನೌಕರಿ ಮಾಡುವವನು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲದ ಕಾರಣ, ಬರೆದದ್ದನ್ನು ತೋರಿಸಿ ತಿದ್ದಿಸಿಕೊಳ್ಳೋಣವೆಂದರೆ ಮನೆಯಲ್ಲಿ ಅಂಥ ಹಿರಿಯರೂ ಇಲ್ಲ. ಹೇಳುವ ಕ್ರಮ ಹಿಂದುಮುಂದಾಗಿದ್ದರೆ, ಯಾವುದಾದರೂ ಪದ ತನ್ನ ಸ್ಥಾನದಲ್ಲಿ ಕೂರದೆ ಹೋಗಿದ್ದರೆ, ಓದುವವರು ದಯವಿಟ್ಟು ಮನ್ನಿಸಬೇಕು. ವಿಷಯವೂ ದೊಡ್ಡದಲ್ಲ. ಎರಡು ವರ್ಷ ತುಂಬದ ಮಗಳು ಮನೆಯೊಳಗೆ ಆಡಿದ ಆಟ, ಅದರಿಂದಾಗಿ ಅವಳನ್ನು ನಮ್ಮಿಂದ ದೂರ ಕಳಿಸಬೇಕಾಗಿ ಬಂದ ಪ್ರಸಂಗ. ಅಷ್ಟನ್ನು ಮಾತ್ರ ಹೇಳಲಿದ್ದೇನೆ.

ನಾವು ಮಿರಜಿನಲ್ಲಿ, ಸಿತಾರ್ ತಯಾರಿಸುವವರ ಓಣಿಯಲ್ಲಿ ಬಾಡಿಗೆಗೆ ಇದ್ದೇವೆ. ಹಳೆಯ ಮನೆ, ಕೆಳಗೆ ಮಾಲೀಕರ ಕೆಲಸದ ಮನೆ, ಮೇಲೆ ಹಲಗೆ ನೆಲದ ಒಂದೇ ಉದ್ದನೆಯ ಕೋಣೆ. ಅದರ ಒಂದು ತುದಿಯಲ್ಲಿ ಅಡುಗೆ, ಇನ್ನೊಂದು ತುದಿಯಲ್ಲಿ ಹಾಸಿಗೆ. ನನ್ನ ಹೆಂಡತಿ ಆಸ್ಪತ್ರೆಯೊಂದರಲ್ಲಿ ನರ್ಸ್. ಕರ್ನಾಟಕದ ಕಡೆಯಿಂದ ಬರುವ ರೋಗಿಗಳೊಡನೆ ಕನ್ನಡದಲ್ಲಿ ಮಾತನಾಡಬಲ್ಲಳಾದ್ದರಿಂದ ಬೇರೆ ವಾರ್ಡಿನವರೂ ಅವಳನ್ನು ಕರೆಯುತ್ತಿರುತ್ತಾರೆ. ಆಸ್ಪತ್ರೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಈ ಕೋಣೆಯ ಬೆಲೆ ನಮಗೆ ಅದರಲ್ಲಿಯೇ ಇತ್ತು. ಆಸ್ಪತ್ರೆಗಳ ಆಸುಪಾಸಿನ ಕೋಣೆಗಳನ್ನು ರೋಗಿಗಳ ಸಂಬಂಧಿಕರಿಗೆ ದಿನದ ಲೆಕ್ಕದಲ್ಲಿ ಕೊಡುವುದೇ ವಾಡಿಕೆ. ಸಂಸಾರಕ್ಕೆಂದು ಕೊಡುವವರು ತೀರ ಕಡಿಮೆ.

ಅವಳದು ಹೆಚ್ಚಾಗಿ ಬೆಳಗಿನ ಪಾಳಿ. ನಾನು ಕುಪವಾಡದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮಧ್ಯಾಹ್ನದ ಪಾಳಿಯವನು. ಹೀಗಾಗಿ ಬೆಳಗಿನಿಂದ ಅವಳು ಬರುವ ತನಕ ಮಗಳು ನನ್ನ ಪಾಲಿಗೆ. ಓಣಿಯಲ್ಲಿ ಆಡಿಸೋಣವೆಂದರೆ ರಿಕ್ಷಾಗಳ ಓಡಾಟ. ಮಳೆಗಾಲದಲ್ಲಂತೂ ಬಾಗಿಲು ತೆರೆಯುವ ಹಾಗಿಲ್ಲ. ಓಡುವುದು, ಹತ್ತುವುದು, ಬೀಳುವುದು ಎಲ್ಲವೂ ಆ ಒಂದು ಕೋಣೆಯೊಳಗೇ ನಡೆಯಬೇಕಾಗಿತ್ತು.

ಅವಳಿಗೆ ಆಡಲು ಏನು ಕೊಡಬೇಕೆಂಬುದು ನನಗೆ ತಿಳಿದಿರಲಿಲ್ಲ. ಅದು ತಾನಾಗಿಯೇ ಒದಗಿತು. ಆಸ್ಪತ್ರೆಯಲ್ಲಿ ಸಲೈನ್ ಬಾಟಲಿಗಳು ಬರುವ ರಟ್ಟಿನ ಪೆಟ್ಟಿಗೆಗಳು ಖಾಲಿಯಾದಾಗ, ಸಾಮಾನು ಇಡಲು ಆಗುತ್ತದೆಂದು ಹೆಂಡತಿ ಕೆಲವನ್ನು ತಂದಿದ್ದಳು. ಸಾಮಾನು ಇಡುವ ಮೊದಲೇ ಮಗಳು ಒಂದರೊಳಗೆ ಇಳಿದು ಕುಳಿತಳು. ಮರುದಿನ ಅದನ್ನು ಮಗ್ಗುಲಿಗೆ ಉರುಳಿಸಿ ಗವಿ ಮಾಡಿಕೊಂಡಳು. ಅದರ ಮರುದಿನ ಹಿಂದಿನಿಂದ ದಬ್ಬುತ್ತ ಕೋಣೆಯ ಆ ತುದಿಯಿಂದ ಈ ತುದಿಗೆ ಬಂದಳು. ಗೋಡೆಗೆ ತಾಗಿ ಪೆಟ್ಟಿಗೆ ನಿಂತಾಗ, ಗೋಡೆ ಸರಿಯಲಿ ಎಂಬಂತೆ ಸ್ವಲ್ಪ ಹೊತ್ತು ಕಾದಳು. ಅದು ಸರಿಯದಿದ್ದಾಗ ಮುಂದಿನ ಕಡೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಹಿಂದಕ್ಕೆ ದಬ್ಬತೊಡಗಿದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮೂರು ಖಂಡೇರಾಜುರಿಯಲ್ಲಿರುವ ನನ್ನ ಅವ್ವ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ದಪ್ಪನೆಯ ಕೌದಿಯೊಂದು ನಮ್ಮಲ್ಲಿತ್ತು. ಅದನ್ನು ಸುರುಳಿ ಸುತ್ತಿ ಹಗ್ಗ ಬಿಗಿದರೆ ಮಗಳಿಗೆ ಗುಡ್ಡವಾಯಿತು. ಅದರ ಮೇಲೆ ಹತ್ತುವಳು, ಎರಡೂ ಕೈ ಅಗಲಿಸಿ ನಿಲ್ಲುವಳು, ಕೆಳಗೆ ಹಾಸಿದ ಗಾದಿಯ ಮೇಲೆ ಡಬ್ಬೆಂದು ಜಿಗಿಯುವಳು. ಎದ್ದವಳೇ ನನ್ನ ಮುಖ ನೋಡಿ “ಮತ್ತ” ಎನ್ನುವಳು. ಅವಳ ಮಾತುಗಳು ಆಗ ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚು ಕೆಲಸ ಮಾಡುತ್ತಿದ್ದದ್ದು ಈ “ಮತ್ತ”. ಅವ್ವ ಕೊಡ ಹೊರಲು ಬಳಸುತ್ತಿದ್ದ ಬಟ್ಟೆಯ ಸಿಂಬಿ ಒಮ್ಮೆ ಗಾಲಿ, ಒಮ್ಮೆ ಟೊಪ್ಪಿಗೆ, ಒಮ್ಮೆ ರೊಟ್ಟಿ. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬೆವರಿ, ಬೇಳೆ ಕಲಸಿದ ಅನ್ನವನ್ನು ತಕರಾರಿಲ್ಲದೆ ಉಂಡು, ಪೆಟ್ಟಿಗೆಯ ಪಕ್ಕದಲ್ಲಿಯೇ ನಿದ್ದೆ ಹೋಗುತ್ತಿದ್ದಳು. ಆ ಬೆಳಗುಗಳಷ್ಟು ನಿಶ್ಚಿಂತೆಯ ಬೆಳಗುಗಳನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಇದರ ಜೊತೆಗೆ ಮನೆಯಲ್ಲಿ ಒಂದು ಕೊಂಡ ಆಟಿಕೆಯೂ ಇತ್ತು. ಮಗಳ ಮೊದಲ ಹುಟ್ಟುಹಬ್ಬಕ್ಕೆ ಕಾರ್ಖಾನೆಯ ನಮ್ಮ ಮೇಲಧಿಕಾರಿ ಕೊಟ್ಟದ್ದು. ಆನೆ, ಕೋಳಿ, ಕಪ್ಪೆಗಳ ಗುಂಡಿಗಳಿದ್ದ ಪ್ಲಾಸ್ಟಿಕ್ ಹಲಗೆ; ಒಂದೊಂದನ್ನು ಒತ್ತಿದರೆ ಆ ಪ್ರಾಣಿಯ ಕೂಗಿನೊಡನೆ ಒಂದೊಂದು ಟ್ಯೂನು. ಬುದ್ಧಿ ಬೆಳೆಸುವ ಆಟಿಕೆ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಅಚ್ಚಾದದ್ದನ್ನೂ ಮೇಲಧಿಕಾರಿ ಕೊಟ್ಟದ್ದನ್ನೂ ನಂಬುವ ಸ್ವಭಾವ ನನ್ನದು. ಆದ್ದರಿಂದ ದಿನಕ್ಕೊಮ್ಮೆ, ಅಡುಗೆಗೆ ಕೂಡುವ ಹೊತ್ತಿನಲ್ಲಿ, ಕ್ರಮ ತಪ್ಪದೆ ಅದನ್ನು ಹಚ್ಚುತ್ತಿದ್ದೆ. ಹೆಂಡತಿಗೆ ಅದರ ಮೇಲೆ ಅಷ್ಟೇನೂ ಗೌರವವಿರಲಿಲ್ಲ.

“ಇದು ಕೂಸನ್ನ ಆಡಸತೈತೋ, ತಾನ ಆಡಕೋಂತ ಕುಂತೈತೋ?” ಎಂದು ಒಂದು ದಿನ ಕೇಳಿದಳು.

ಇನ್ನು ಕೆಳಗಿನ ಮನೆಯ ಸಂಗತಿ. ಮಾಲೀಕರು ಎಪ್ಪತ್ತು ದಾಟಿದವರು. ಮನೆಯಲ್ಲಿ ಉರ್ದು, ಗಿರಾಕಿಗಳೊಡನೆ ಮರಾಠಿ, ನಮ್ಮೊಡನೆ ಕನ್ನಡ. ಎಲ್ಲರ ಹಾಗೆ ನಾವೂ ಅವರನ್ನು ಚಾಚಾ ಎನ್ನುತ್ತೇವೆ. ಮರ ಕೆತ್ತುವುದು, ಸೋರೆಬುರುಡೆ ಕೂಡಿಸುವುದು, ಬಣ್ಣ ಹಚ್ಚುವುದು ಮುಂತಾದವನ್ನು ಅವರ ಮಕ್ಕಳು ಮಾಡುತ್ತಾರೆ. ಕೊನೆಯ ಕೆಲಸವೊಂದನ್ನು ಮಾತ್ರ ಚಾಚಾ ಯಾರಿಗೂ ಬಿಟ್ಟುಕೊಟ್ಟಿಲ್ಲ. ತಂತಿಗಳು ಒರಗುವ ಪುಟ್ಟ ಕುದುರೆಯ ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ತಂತಿ ಮೀಟಿ, ಕೇಳಿ, ಮತ್ತೆ ಉಜ್ಜುವ ಕೆಲಸ. ದನಿ ಮುಚ್ಚಿಕೊಳ್ಳದೆ, ಒಡೆಯದೆ, ಬಿಚ್ಚಿಕೊಂಡು ನಿಲ್ಲಬೇಕು. ಇದಕ್ಕೆ ಅವರಲ್ಲಿ ಜವಾರಿ ತೆಗೆಯುವುದು ಎನ್ನುತ್ತಾರೆ. ಮಕ್ಕಳು ಊಟಕ್ಕೆ ಹೋಗುವ ಮೊದಲಿನ ಒಂದೆರಡು ತಾಸು, ಸುತ್ತಿಗೆ ಕೊಡತಿಗಳನ್ನು ಕೆಳಗಿಡಿಸಿ, ಚಾಚಾ ಒಬ್ಬರೇ ಕುಳಿತು ಇದನ್ನು ಮಾಡುತ್ತಿದ್ದರು.

ಒಂದು ಮುಂಜಾನೆ ಅವರು ಮೆಟ್ಟಿಲ ಬುಡದಲ್ಲಿ ನನ್ನನ್ನು ನಿಲ್ಲಿಸಿದರು.

“ಸಾಹೇಬರ, ಒಂದ ಮಾತು. ನಾ ಜವಾರಿಗೆ ಕುಂತಾಗ ಮ್ಯಾಲಿಂದ ಆವಾಜ ಬರತೈತಿ. ಕೂಸಿನ ಆಟ, ನಾ ಬ್ಯಾಡ ಅನ್ನೂದಿಲ್ಲ, ಆದರ ಅದು—”

“ಹೌದ್ರಿ ಚಾಚಾ, ಗೊತ್ತೈತ್ರಿ. ನೋಡಕೋತೇನ್ರಿ,” ಎಂದೆ.

ಎದುರಿಗಿನವರ ಮಾತು ಮುಗಿಯುವ ಮೊದಲೇ ಒಪ್ಪಿಕೊಳ್ಳುವುದು ನನ್ನ ರೂಢಿ. ಕಾರ್ಖಾನೆಯಲ್ಲಿ ಇದರಿಂದ ನನಗೆ ಒಳ್ಳೆಯ ಹೆಸರೇ ಬಂದಿದೆ. ಚಾಚಾ ತುಸು ಹೊತ್ತು ನಿಂತು, “ಆತು, ನಿಮಗ ತಿಳದೈತಲ್ಲ,” ಎಂದು ಒಳಗೆ ಹೋದರು. ನನಗೆ ತಿಳಿದದ್ದು ಹೀಗೆ: ಹಲಗೆಯ ನೆಲ, ಮೇಲಿನಿಂದ ಡಬ್ಬೆಂದು ಜಿಗಿತ, ಕೆಳಗೆ ಅಷ್ಟು ನಾಜೂಕಿನ ಕೆಲಸ. ಇನ್ನು ಕೇಳುವುದಕ್ಕೆ ಏನು ಉಳಿದಿತ್ತು?

ಅಂದೇ ಪೆಟ್ಟಿಗೆಗಳ ತಳ ಬಿಚ್ಚಿ, ಮಡಚಿ, ಕಪಾಟಿನ ಹಿಂದೆ ನಿಲ್ಲಿಸಿದೆ. ಕೌದಿಯ ಗುಡ್ಡವನ್ನು ಬಿಚ್ಚಿ ನೆಲಕ್ಕೆ ಹಾಸಿದೆ. ಮಗಳು ಓಡತೊಡಗಿದರೆ ಎತ್ತಿಕೊಳ್ಳುತ್ತಿದ್ದೆ. ಆದರೆ ಅಷ್ಟು ಹೊತ್ತು ಅವಳನ್ನು ಕೂಡಿಸುವುದು ಹೇಗೆ? ಮೇಲಧಿಕಾರಿಗಳ ಆಟಿಕೆ ಇತ್ತಲ್ಲ. ಅಲ್ಲಿಯವರೆಗೆ ದಿನಕ್ಕೊಮ್ಮೆ ನುಡಿಯುತ್ತಿದ್ದದ್ದು ಈಗ ಚಾಚಾ ಕೆಲಸಕ್ಕೆ ಕೂತಾಗಿನಿಂದ ಏಳುವ ತನಕ ನುಡಿಯತೊಡಗಿತು. ಆನೆ ಮುಗಿದರೆ ಕೋಳಿ, ಕೋಳಿ ಮುಗಿದರೆ ಕಪ್ಪೆ. ಬ್ಯಾಟರಿ ತೀರಿದರೆ ಅಡಚಣೆಯಾಗಬಾರದೆಂದು ಹೆಚ್ಚಿನವನ್ನೂ ತಂದಿಟ್ಟೆ. ನಾನು ತುದಿಗಾಲಿನಲ್ಲಿ ನಡೆದಾಡುತ್ತ, ಕೆಳಗಿನವರಿಗೆ ಈಗ ಎಷ್ಟು ಅನುಕೂಲವಾಗಿರಬಹುದೆಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಮಗಳಿಗೆ ಸಮಾಧಾನವಿರಲಿಲ್ಲ. ಮೊದಲು ಗುಂಡಿ ಒತ್ತಿ ನಕ್ಕಳು. ಆಮೇಲೆ ಒತ್ತಿ ಸುಮ್ಮನೆ ನೋಡಿದಳು. ಆಮೇಲೆ ಒತ್ತುವುದನ್ನೂ ನನಗೇ ಬಿಟ್ಟಳು. ಊಟಕ್ಕೆ ಬಾಯಿ ತೆರೆಯದೆ, ಮಧ್ಯಾಹ್ನದ ನಿದ್ದೆ ಬಾರದೆ ರಚ್ಚೆ ಹಿಡಿಯುವಳು. ಕೆಲವೊಮ್ಮೆ ಕಪಾಟಿನ ಹಿಂದಿನ ಸಂದಿಗೆ ಹೋಗಿ, ಮಡಚಿಟ್ಟ ರಟ್ಟನ್ನು ಅಂಗೈಯಿಂದ ತಟ್ಟಿ, ನನ್ನ ಕಡೆಗೆ ತಿರುಗಿ “ಮತ್ತ” ಎನ್ನುವಳು. ಪ್ರಶ್ನೆಯ ದನಿಯಲ್ಲಿ.

ಇಷ್ಟೆಲ್ಲ ಆದ ಮೇಲೆಯೂ ಚಾಚಾ ಎರಡನೆಯ ಸಲ ಮೆಟ್ಟಿಲ ಬಳಿ ಕಾಯುತ್ತಿದ್ದರು. ಮುಖ ಗಂಭೀರವಾಗಿತ್ತು. ದೂರದ ಗಿರಾಕಿಯೊಬ್ಬರ ಸಿತಾರ್. ಅದರ ಕುದುರೆಯನ್ನು ಎರಡು ಬಾರಿ ಉಜ್ಜಿ ಕೆಡಿಸಿದ್ದರಂತೆ. ಆವಾಜು ಕಡಿಮೆಯಾಗುವುದಿರಲಿ, ಮೊದಲಿಗಿಂತ ಹೆಚ್ಚಾಗಿದೆ ಎಂದರು. ನಾನು ತಪ್ಪಾಯಿತೆಂದು ಕೈಮುಗಿದೆ. ಆಗ ಅವರು ಇನ್ನೊಂದು ಮಾತು ಹೇಳಿದರು.

“ಸಿಟ್ಟಿನಿಂದ ಹೇಳೂದಲ್ಲ. ಇದು ನಮ್ಮ ಹೊಟ್ಟೀ ಪಾಡು. ನಿಮಗ ಸಂಭಾಳಸಾಕ ಆಗೂದಿಲ್ಲ ಅಂದರ ಹೇಳಿಬಿಡ್ರಿ, ಬ್ಯಾರೆ ಕಡೆ ಖೋಲಿ ನೋಡೂಣು.”

ಪೆಟ್ಟಿಗೆ ತೆಗೆದಿಟ್ಟಾಗಿತ್ತು, ಗುಡ್ಡ ಬಿಚ್ಚಿಯಾಗಿತ್ತು. ಮಗಳು ಕುಳಿತಲ್ಲಿಯೇ ಕೂಡುವುದನ್ನು ಕಲಿತದ್ದಾಗಿತ್ತು. ಅವಳು ಹೆಜ್ಜೆ ಹಾಕುವುದನ್ನು ಇನ್ನೂ ಹೇಗೆ ಕಡಿಮೆ ಮಾಡುವುದೆಂದು ನನಗೆ ತೋಚಲಿಲ್ಲ. ಹೆಂಡತಿ ಪಾಳಿ ಮುಗಿಸಿ ಬರುವುದಕ್ಕೂ ನಾನು ಹೊರಡುವುದಕ್ಕೂ ನಡುವೆ ಸಿಗುವ ಸ್ವಲ್ಪ ಸಮಯದಲ್ಲಿ, ಅವಳ ಊಟದ ತಾಟಿನ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಕೋಣೆ ಬಿಟ್ಟರೆ ಹತ್ತಿರದಲ್ಲಿ ಇನ್ನೊಂದು ಸಿಗುವುದು ಕಷ್ಟ. ಊರ ಹೊರಗೆ ದೂರ ಹೋದರೆ ಬೆಳಗಿನ ಪಾಳಿಗೆ ಅವಳು ಕತ್ತಲಿರುವಾಗಲೇ ಹೊರಡಬೇಕು; ಅವಳು ಬರುವಷ್ಟರಲ್ಲಿ ನಾನು ಹೊರಟಿರಬೇಕು; ನಡುವಿನ ಹೊತ್ತಿನಲ್ಲಿ ಮಗಳನ್ನು ನೋಡುವವರಿಲ್ಲ. ಉಳಿದ ದಾರಿ ಒಂದೇ. ಮಗಳನ್ನು ಬಾಲವಾಡಿಗೆ ಸೇರಿಸುವ ವಯಸ್ಸಿನ ತನಕ ಖಂಡೇರಾಜುರಿಯಲ್ಲಿ ಅವ್ವ ಅಪ್ಪನ ಬಳಿ ಬಿಡುವುದು. ದ್ರಾಕ್ಷಿ ತೋಟದ ಪಕ್ಕದ ಮನೆ, ಅಂಗಳವಿದೆ, ಓಡಾಡಬಹುದು. ರಜೆಯ ದಿನ ನಾವು ಹೋಗಿ ಬರಬಹುದು.

ಹೆಂಡತಿ “ಆತು” ಎಂದಳು. ಆದರೆ ಅವಳು ಹಾಕಿಕೊಂಡ ರೊಟ್ಟಿ ತಾಟಿನಲ್ಲಿಯೇ ಉಳಿಯಿತು. ನಾನು ಚಪ್ಪಲಿ ಮೆಟ್ಟುವಾಗ ನೋಡಿದರೆ, ಒಣಗಿದ ಮಗಳ ಅಂಗಿಗಳನ್ನು ಮಡಚುತ್ತ ಕುಳಿತಿದ್ದಳು; ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ಕೆಳಗಿಳಿದು ಚಾಚಾಗೆ ವಿಷಯ ತಿಳಿಸಿದೆ. ರವಿವಾರ ಮಗಳನ್ನು ಊರಿಗೆ ಕಳಿಸುತ್ತೇವೆ, ಆಮೇಲೆ ತೊಂದರೆ ಇರುವುದಿಲ್ಲ ಎಂದೆ. ಅವರು ಕೈಯಲ್ಲಿ ಅರ ಹಿಡಿದವರು ಚಷ್ಮಾದ ಮೇಲಿನಿಂದ ನನ್ನನ್ನು ನೋಡಿದರು. “ಊರಿಗ್ಯಾಕ?” ಎಂದರೇನೋ. ನನಗೆ ಬಸ್ಸಿನ ಹೊತ್ತಾಗಿತ್ತು, ಕಣ್ಣೂ ತುಂಬಿ ಬಂದಿತ್ತು. ಹೌದ್ರಿ ಹೌದ್ರಿ ಎನ್ನುತ್ತ ಹೊರಟುಬಿಟ್ಟೆ.

ರವಿವಾರ ಇಬ್ಬರಿಗೂ ರಜೆ. ಕೆಳಗೆ ಚಾಚಾಗೆ ರಜೆಯಿರಲಿಲ್ಲ. ಆ ಗಿರಾಕಿಯ ಸಿತಾರ್ ಇನ್ನೂ ಮುಗಿದಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದು, ಮಗಳ ಬಟ್ಟೆಬರೆ ತುಂಬಲು ನಾನು ಕಪಾಟಿನ ಹಿಂದಿನ ಪೆಟ್ಟಿಗೆಗಳನ್ನು ಹೊರತೆಗೆದು ತಳ ಕೂಡಿಸಿದೆ. ಹೆಂಡತಿ ಎಲ್ಲಕ್ಕಿಂತ ಮೊದಲು ಆ ಸಂಗೀತದ ಆಟಿಕೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಒಂದರ ತಳಕ್ಕೆ ಹಾಕಿದಳು. ಅದರ ಮೇಲೆ ಅಂಗಿಗಳನ್ನು ಇಡುವಷ್ಟರಲ್ಲಿ ಮಗಳು ಇನ್ನೊಂದು ಪೆಟ್ಟಿಗೆಯನ್ನು ಕಂಡಳು.

ಅವಳು ಕೂಗಲಿಲ್ಲ. ಹತ್ತಿರ ಬಂದು ಅದರ ಅಂಚನ್ನು ಎರಡೂ ಕೈಯಿಂದ ಹಿಡಿದು ಒಳಗೆ ನೋಡಿದಳು. ಕಾಲೆತ್ತಿ ಇಳಿದಳು, ಕುಳಿತಳು, ಎದ್ದಳು, ಹೊರಬಂದು ದಬ್ಬತೊಡಗಿದಳು. ನಾನು ತಡೆಯಲು ಎದ್ದೆ.

“ಇರಲಿ ಬಿಡ್ರಿ,” ಎಂದಳು ಹೆಂಡತಿ. “ನಾಳಿಂದ ಇಲ್ಲೆ ಯಾರ ದಬ್ಬವರು?”

ನಾನು ಕುಳಿತೆ. ಅಷ್ಟೇ ಅಲ್ಲ, ಊರಿಗೆ ಕಳಿಸಲೆಂದು ಮಡಚಿಟ್ಟಿದ್ದ ಕೌದಿಯನ್ನು ಸುರುಳಿ ಸುತ್ತಿ ಹಗ್ಗ ಬಿಗಿದು ಕೊಟ್ಟೆ. ಹತ್ತಿದಳು, ಕೈ ಅಗಲಿಸಿದಳು, ಜಿಗಿದಳು. “ಮತ್ತ.” ಹೆಂಡತಿಯೂ ಗಂಟು ಕಟ್ಟುವುದನ್ನು ಬಿಟ್ಟು ಗಾದಿಯ ಪಕ್ಕಕ್ಕೆ ಬಂದು ಕುಳಿತು, ಜಿಗಿದವಳನ್ನು ಹಿಡಿಯತೊಡಗಿದಳು. ಹಲಗೆಗಳು ಸದ್ದು ಮಾಡಿದವು. ಕೆಳಗಿನಿಂದ ತಂತಿಯ ದನಿ ಬರುತ್ತಿತ್ತು: ಒಂದು ಮೀಟು, ಮೌನ, ಅರದ ಸಣ್ಣ ಉಜ್ಜುವಿಕೆ, ಮತ್ತೆ ಮೀಟು. ಪ್ರತಿ ಜಿಗಿತಕ್ಕೂ ನಾನು ಬಾಗಿಲ ಕಡೆಗೆ ನೋಡುತ್ತಿದ್ದೆ. ಹೊತ್ತು ಹೋದಂತೆ ಆ ತಂತಿ ಬೇರೆಯೇ ಆಗಿ ಕೇಳಿಸಿತು. ಮೊದಲು ಮೂಗಿನಲ್ಲಿ ಮಾತನಾಡಿದಂತಿದ್ದದ್ದು ಈಗ ಉದ್ದಕ್ಕೆ ಎಳೆದುಕೊಂಡು ಕೋಣೆಯ ತುಂಬ ನಿಲ್ಲುತ್ತಿತ್ತು. ಆಮೇಲೆ ಅದೂ ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು.

ಚಾಚಾ ಬಾಗಿಲಲ್ಲಿ ನಿಂತಿದ್ದರು. ತೋಳಿನಲ್ಲಿ ಒಂದು ಒಣಗಿದ ಬುರುಡೆ, ಸಿತಾರಿನ ಹೊಟ್ಟೆಯಾಗುವಂಥದ್ದು. ನಾನು ಎದ್ದುನಿಂತು, ಇದು ಕೊನೆಯ ದಿನವೆಂದು ಬಿಟ್ಟೆವು, ತಪ್ಪಾಯಿತು, ಮನ್ನಿಸಬೇಕು ಎಂದೆಲ್ಲ ಹೇಳಿದೆ.

“ಏನ ತಪ್ಪು? ಇವತ್ತ ಜವಾರಿ ಅಷ್ಟ ಚೊಲೊ ಕುಂತೈತಿ,” ಎಂದರು ಚಾಚಾ. “ಕೂಸು ಊರಿಗೆ ಹೊಂಟೈತಿ ಅಂದಿದ್ರಿ, ಆಡಾಕ ಇರಲಿ ಅಂತ ಇದನ್ನ ತಂದೆ. ಸೀಳ ಬಿಟ್ಟೈತಿ, ನಮಗ ಉಪಯೋಗಿಲ್ಲ.”

ನನಗೆ ಏನೂ ಅರ್ಥವಾಗಲಿಲ್ಲ. ಹೆಂಡತಿ ಮಾತ್ರ ಗಾದಿಯ ಪಕ್ಕದಿಂದ ಏಳದೆ ನೇರವಾಗಿ ಕೇಳಿದಳು.

“ಚಾಚಾ, ಈಕಿ ಜಿಗಿಯೂದರಿಂದ ನಿಮಗ ತ್ರಾಸ ಇಲ್ಲೇನ್ರಿ?”

“ಜಿಗಿಯೂದಾ?” ಅವರು ನಮ್ಮಿಬ್ಬರನ್ನೂ ನೋಡಿದರು. “ನನ್ನ ಮಕ್ಕಳೆಲ್ಲಾ ಇದ ಹಲಗಿ ಮ್ಯಾಲ ಜಿಗದು ದೊಡ್ಡವರಾಗ್ಯಾರವ್ವಾ. ಕೆಳಗ ದಿನಾ ಕೊಡತಿ ಬಡಕೋಂತ ಇರತೇವಿ, ನಮಗೇನ್ ಡಬ್ ಅನ್ನೂದು ಹೊಸಾದ? ಡಬ್ ಅಂದರ ಡಬ್, ಅದಕ್ಕ ಸೂರು ಇಲ್ಲ, ಸ್ವರ ಇಲ್ಲ. ನಿಮ್ಮ ಆ ಆಟಿಗಿ ಬಾಜಾಕ್ಕ ಐತಿ ನೋಡು, ಅದೂ ಹಾಳ ಸೂರು. ನಾ ತಂತಿ ಒಂದ ಕಡೆ ಎಳೀತೇನಿ, ಅದು ಮ್ಯಾಲಿಂದ ಇನ್ನೊಂದ ಕಡೆ ಎಳೀತೈತಿ. ಕಿವಿ ಯಾವುದರ ಹಿಂದ ಹೋಗಬೇಕು?”

ಮಗಳು ಬುರುಡೆಯನ್ನು ನೋಡುತ್ತಿದ್ದಳು.

“ಮೊದಲ ದಿನಾನ ಹೇಳಾಕ ಬಂದಿದ್ದೆ,” ಎಂದು ಚಾಚಾ ನನ್ನ ಕಡೆಗೆ ತಿರುಗಿದರು. “ಸಾಹೇಬರು ಗೊತ್ತೈತ್ರಿ ಅಂದ್ರು. ಗೊತ್ತಿದ್ದವರಿಗೆ ಏನ ಹೇಳೂದು? ಮರದಿವಸದಿಂದ ನೋಡಿದರ ದಿನಾ ಪೂರಾ ಕಪ್ಪಿ ಹಾಡಾಕ ಹತ್ತಿತು.”

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಳುತ್ತಾಳೆಂದುಕೊಂಡೆ, ನಗುತ್ತಿದ್ದಳು.

“ಇವರದು ಮೊದಲಿಂದ ಹಂಗ ಐತ್ರಿ ಚಾಚಾ. ಲಗ್ನದಾಗ ಪಂಡಿತರು ಕೇಳೂಕಿಂತ ಮೊದಲ ಹೂಂ ಅಂದು ಕುಂತಿದ್ರು.”

“ಹಂಗಂತನ ನೀ ಸಿಕ್ಕೀದಿ,” ಎಂದರು ಚಾಚಾ. ನಾನೂ ನಕ್ಕೆ. ಎಷ್ಟೋ ದಿನಗಳ ಮೇಲೆ ನಕ್ಕದ್ದೆಂದು ನಕ್ಕ ಮೇಲೆ ತಿಳಿಯಿತು.

ಬುರುಡೆಯನ್ನು ಅವರು ನೆಲದ ಮೇಲಿಟ್ಟರು. ಅಷ್ಟು ದೊಡ್ಡದು, ಆದರೆ ಎತ್ತಿದರೆ ಭಾರವೇ ಇಲ್ಲ. ಮಗಳು ದಬ್ಬಿದಳು. ಅದು ಚೆಂಡಿನಂತೆ ನೇರವಾಗಿ ಹೋಗದೆ, ತನ್ನ ಒಂದು ಮಗ್ಗುಲಿಗೆ ವಾಲಿ, ಅರ್ಧ ಸುತ್ತು ತಿರುಗಿ, ಅವಳ ಕಾಲ ಬಳಿಗೇ ಬಂದು ನಿಂತಿತು. ಅವಳು ಹಿಂದಕ್ಕೆ ಜಿಗಿದಳು. ಮತ್ತೆ ದಬ್ಬಿದಳು, ಈ ಸಲ ಅದು ಒಲೆಯ ಕಡೆಗೆ ಹೊರಟಿತು. ಅವಳು ಅದರ ಹಿಂದೆ, ಚಾಚಾ ಅವಳ ಹಿಂದೆ. ಕೊನೆಗೆ ಅದನ್ನು ಪೆಟ್ಟಿಗೆಯೊಳಗೆ ಕೂಡಿಸಿ, ತಾನೂ ಪಕ್ಕದಲ್ಲಿ ಇಳಿಯಲು ನೋಡಿದಳು. ಇಬ್ಬರಿಗೂ ಜಾಗವಾಗಲಿಲ್ಲ. ಬುರುಡೆಯನ್ನು ಹೊರಗೆ ತೆಗೆದು ತಾನು ಕುಳಿತಳು.

“ಮತ್ತ,” ಎಂದಳು ಚಾಚಾನ ಮುಖ ನೋಡಿ. ಅವರು ಪೆಟ್ಟಿಗೆಯನ್ನು ದಬ್ಬಿಕೊಂಡು ಗೋಡೆಯ ತನಕ ಹೋದರು.

ಮಧ್ಯಾಹ್ನದ ಬಸ್ಸಿಗೆ ನಾವು ಹೋಗಲಿಲ್ಲ. ಹೆಂಡತಿ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದು, ಮಡಚಿದ್ದನ್ನು ಮತ್ತೆ ಬಿಚ್ಚದೆ, ಕಪಾಟಿನಲ್ಲಿಟ್ಟಳು. ನಾನು ಅವ್ವನಿಗೆ ಫೋನು ಮಾಡಿ ಕೂಸು ಬರುವುದಿಲ್ಲವೆಂದೆ. ಅವಳು ಶೇಂಗಾ ಉಂಡಿ ಕಟ್ಟಿಟ್ಟಿದ್ದಳಂತೆ. ಇನ್ನು ಅವನ್ನು ಯಾರು ತಿನ್ನಬೇಕೆಂದು ಬೈದಳು.

ಅನಂತರ ನಮ್ಮ ಮನೆಯಲ್ಲಿ ಆದ ಬದಲಾವಣೆಗಳನ್ನು ಹೇಳಿ ಮುಗಿಸುತ್ತೇನೆ. ಮಗಳು ನಮ್ಮೊಡನೆಯೇ ಉಳಿದಳು. ಕೋಣೆಯೂ ಉಳಿಯಿತು. ಸಂಗೀತದ ಆಟಿಕೆ ಮಾತ್ರ ಖಂಡೇರಾಜುರಿಗೆ ಹೋಯಿತು. ಸಂಜೆ ಹೊತ್ತು ಮುಳುಗುವ ಮೊದಲಿನ ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತು ಅಪ್ಪ ಅದರ ಕೋಳಿಯನ್ನು ಒತ್ತುತ್ತಾರಂತೆ. ಚಾಚಾ ಜವಾರಿಗೆ ಕೂಡುವ ಹೊತ್ತಿನಲ್ಲಿ ನಮ್ಮ ಕೋಣೆಯಲ್ಲಿ ಫೋನಿನ ಹಾಡೂ ಇಲ್ಲ, ಕುಕ್ಕರಿನ ಸೀಟಿಯೂ ಇಲ್ಲ, ಜಿಗಿತವಿದೆ. ಹರಿದ ಪೆಟ್ಟಿಗೆಗಳ ಬದಲಿಗೆ ಹೆಂಡತಿ ಬೇರೆ ತರುತ್ತಾಳೆ. ಮಗಳು ಊಟಕ್ಕೆ ಬಾಯಿ ತೆರೆಯುತ್ತಾಳೆ, ಮಧ್ಯಾಹ್ನ ಮಲಗುತ್ತಾಳೆ. ಮೆಟ್ಟಿಲ ಬುಡದಲ್ಲಿ ಚಾಚಾ ನಿಲ್ಲಿಸಿದರೆ ನಾನು ಈಗ ಒಂದು ಮೆಟ್ಟಿಲ ಮೇಲೆ ಕುಳಿತುಕೊಂಡು, ಅವರು ಹೇಳಬೇಕಾದದ್ದನ್ನು ಪೂರ್ತಿಯಾಗಿ ಹೇಳುವವರೆಗೆ ಕಾಯುತ್ತೇನೆ.